ಬೆನ್ನುನರದ ಗೆಡ್ಡೆ ಮತ್ತು ಪ್ರಾರಬ್ಧದ ಪ್ರಶ್ನೆ

ನ್ಯೂರೋಫೈಬ್ರೊಮಟೋಸಿಸ್ ಎಂಬ ನರಸಂಬಂಧಿ ಕಾಯಿಲೆಯ ಒಂದನೇ ಬಗೆ, ವೈದ್ಯರ ಬಾಯಲ್ಲಿ ಎನ್‌ಎಫ್-1, ಹುಟ್ಟಿನಿಂದಲೇ ಜೊತೆಗೆ ಬರುವಂಥದು. ಸುಮಾರು 3000 ಶಿಶುಗಳಲ್ಲಿ ಒಂದಕ್ಕೆ ಅದು ಇರುತ್ತದೆ. ಮೈಮೇಲೆ ಹಾಲು ಬೆರೆತ ಕಾಫಿಯ ಬಣ್ಣದ ಆರೋ ಅದಕ್ಕೂ ಹೆಚ್ಚೋ ಮಚ್ಚೆಗಳು, ಕಂಕುಳಲ್ಲಿ ಸಣ್ಣ ಚುಕ್ಕೆಗಳು, ಹರೆಯ ಬರುತ್ತಿದ್ದಂತೆ ಚರ್ಮದ ಮೇಲೆ ಒತ್ತಿದರೆ ತಗ್ಗುವ ಮೆತ್ತನೆಯ ಗಂಟುಗಳು ಇದರ ಗುರುತು. ಹೆಚ್ಚಿನವರು ಈ ಗುರುತುಗಳನ್ನು ಹೊತ್ತುಕೊಂಡೇ ಓದುತ್ತಾರೆ, ದುಡಿಯುತ್ತಾರೆ, ಸಂಸಾರ ನಡೆಸುತ್ತಾರೆ. ಕೆಲವರಲ್ಲಿ ಮಾತ್ರ ದೇಹದ ಒಳಗಿರುವ ನರದ ಗೆಡ್ಡೆಯೊಂದು ಕ್ಯಾನ್ಸರ್ ಆಗಿ ತಿರುಗುತ್ತದೆ. ಅವರಲ್ಲೂ ತೀರ ಕೆಲವರಿಗೆ ಅದು ಬೆನ್ನುಮೂಳೆಯ ಸಂದಿಯಿಂದ ಹೊರಡುವ ನರದ ಬೇರಿನಲ್ಲೇ ಹುಟ್ಟುತ್ತದೆ. ವೈದ್ಯಕ್ಕೆ ಕಠಿಣವಾದ ಈ ಸಂಗತಿ ತತ್ತ್ವಚಿಂತನೆಗೂ ಕಠಿಣವೇ. ಕುಡಿತವಿಲ್ಲ, ತಂಬಾಕಿಲ್ಲ, ಪಥ್ಯ ತಪ್ಪಿದ್ದಿಲ್ಲ. ಹುಟ್ಟುವ ಮೊದಲೇ ಬರೆದಿಟ್ಟಂತೆ ಬಂದ ಈ ನೋವಿಗೆ ನ್ಯಾಯ ಎಲ್ಲಿದೆ ಎಂಬ ಪ್ರಶ್ನೆ ರೋಗಿಯ ಮನೆಯಲ್ಲಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿರುವ ಉತ್ತರ, ‘ಪ್ರಾರಬ್ಧ’. ಆ ಉತ್ತರ ಶಾಸ್ತ್ರಗಳಲ್ಲಿ ನಿಜಕ್ಕೂ ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕಾದರೆ ಮೊದಲು ಕಾಯಿಲೆಯ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಈ ಗಂಟುಗಳು ನರಗಳಿಂದಲೇ ಬೆಳೆದವು ಎಂದು 1882ರಲ್ಲಿ ವಿವರಿಸಿದವನು ಜರ್ಮನಿಯ ರೋಗವಿಜ್ಞಾನಿ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್. ಕಾರಣವಾದ ಜೀನ್ ಸಿಕ್ಕಿದ್ದು ಶತಮಾನ ಕಳೆದ ಮೇಲೆ, 1990ರಲ್ಲಿ, 17ನೇ ಕ್ರೋಮೋಸೋಮಿನಲ್ಲಿ. ಜೀವಕೋಶಕ್ಕೆ ‘ಬೆಳೆ, ಒಡೆದು ಎರಡಾಗು’ ಎಂದು ಹೇಳುವ ರಾಸ್ ಎಂಬ ಸಂಕೇತವೊಂದಿದೆ. ಕೆಲಸ ಮುಗಿದ ಮೇಲೆ ಆ ಸಂಕೇತವನ್ನು ಆರಿಸುವ ಪ್ರೋಟೀನು ನ್ಯೂರೋಫೈಬ್ರೊಮಿನ್. ಅದನ್ನು ತಯಾರಿಸುವ ಜೀನಿಗೆ ಪ್ರತಿ ಕೋಶದಲ್ಲೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಎನ್‌ಎಫ್-1 ಇರುವವರಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇನ್ನೊಂದು ಸರಿಯಿರುವವರೆಗೆ ಹೇಗೋ ನಡೆಯುತ್ತದೆ. ನರತಂತುವಿಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳಲ್ಲಿ ಎಲ್ಲೋ ಒಂದರಲ್ಲಿ ಆ ಎರಡನೆಯ ಪ್ರತಿಯೂ ಕೈಕೊಟ್ಟರೆ ಅಲ್ಲೊಂದು ಗೆಡ್ಡೆ ಶುರುವಾಗುತ್ತದೆ. ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಅಭ್ಯಾಸ ಮಾಡಿ ಇಂಥ ‘ಎರಡು ಪೆಟ್ಟಿನ’ ವಿವರಣೆಯನ್ನು 1971ರಲ್ಲಿ ಮುಂದಿಟ್ಟವನು ಅಮೆರಿಕದ ಆಲ್ಫ್ರೆಡ್ ನಡ್ಸನ್. ಅದು ಇಲ್ಲಿಗೂ ಸರಿಹೊಂದಿತು. ಒಂದೇ ಮೈಯ ಎರಡು ಗಂಟುಗಳನ್ನು ತೆಗೆದು ಪರೀಕ್ಷಿಸಿದರೆ ಮೊದಲ ಪೆಟ್ಟು ಎರಡರಲ್ಲೂ ಒಂದೇ, ಎರಡನೆಯದು ಬೇರೆ ಬೇರೆ. ಅಂದರೆ ಹುಟ್ಟಿನೊಡನೆ ಬಂದದ್ದು ಅರ್ಧ ಕಥೆ. ಉಳಿದರ್ಧ ಒಂದೊಂದು ಗಂಟಿಗೂ ಪ್ರತ್ಯೇಕವಾಗಿ, ಬದುಕಿನ ನಡುವೆ ನಡೆದದ್ದು.

ಇಲ್ಲಿಗಿನ್ನೂ ಕ್ಯಾನ್ಸರ್ ಆಗಿಲ್ಲ. ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ನರದ ಹಲವು ಕವಲುಗಳನ್ನು ಹೆಣೆದುಕೊಂಡು ಬೆಳೆಯುವ ಪ್ಲೆಕ್ಸಿಫಾರ್ಮ್ ಎಂಬ ದೊಡ್ಡ ಗೆಡ್ಡೆ ಇರಬಹುದು. ಅದರೊಳಗಿನ ಯಾವುದೋ ಕೋಶದಲ್ಲಿ ಕೋಶವಿಭಜನೆಯನ್ನು ತಡೆಯುವ ಮತ್ತೊಂದು ಜೀನು ಕಳೆದುಹೋಗಿ, ಅದಾದ ಮೇಲೆ ವರ್ಣತಂತುವಿನ ಸುತ್ತಿಕೆಯನ್ನು ನಿಯಂತ್ರಿಸುವ ಇನ್ನೊಂದು ವ್ಯವಸ್ಥೆಯೂ ಮುರಿದಾಗ ಅದು ಮಾರಕ ರೂಪ ತಾಳುತ್ತದೆ. ಎಂಪಿಎನ್‌ಎಸ್‌ಟಿ ಎಂಬ ಉದ್ದ ಹೆಸರಿನ ಕಿರುರೂಪದಲ್ಲಿ ಆಸ್ಪತ್ರೆಗಳಲ್ಲಿ ಕರೆಸಿಕೊಳ್ಳುವ, ನರದ ಹೊದಿಕೆಯ ಕ್ಯಾನ್ಸರ್ ಇದು. ಎನ್‌ಎಫ್-1 ಇರುವವರಿಗೆ ಜೀವಮಾನದಲ್ಲಿ ಇದು ಬರುವ ಸಾಧ್ಯತೆ ನೂರಕ್ಕೆ 8ರಿಂದ 13 ಎಂಬ ಅಂದಾಜಿದೆ. ಉಳಿದ ಜನರಲ್ಲಿ ಲಕ್ಷಕ್ಕೊಬ್ಬರಲ್ಲಿ ಕಾಣಿಸುವ ಕ್ಯಾನ್ಸರ್ ಇದೆಂಬುದನ್ನು ನೆನೆದರೆ ಅಂತರ ತಿಳಿದೀತು. ಬರುವ ವಯಸ್ಸೂ ಕ್ರೂರ: ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ನಡುವೆ.

ಬೆನ್ನುಮೂಳೆಯ ಪಕ್ಕದಲ್ಲಿ ಇದು ಬಂದರೆ ತೊಡಕು ಇಮ್ಮಡಿ. ಎರಡು ಮಣಿಮೂಳೆಗಳ ನಡುವಿನ ಕಿರುಗಂಡಿಯಿಂದ ನರದ ಬೇರು ಹೊರಬರುತ್ತದೆ. ಗೆಡ್ಡೆ ಅಲ್ಲೇ ಹುಟ್ಟಿದಾಗ ಒಂದು ಭಾಗ ಒಳಗೆ ಬೆನ್ನುಹುರಿಯನ್ನು ಒತ್ತುತ್ತದೆ, ಇನ್ನೊಂದು ಭಾಗ ಹೊರಗೆ ಎದೆಗೂಡಿಗೋ ಕತ್ತಿನ ಸ್ನಾಯುವಿಗೋ ಚಾಚುತ್ತದೆ, ನಡುವೆ ಗಂಡಿಯಲ್ಲಿ ಸಪೂರ. ಈ ಕ್ಯಾನ್ಸರಿಗೆ ನೆಚ್ಚಬಹುದಾದ ಚಿಕಿತ್ಸೆ ಸುತ್ತ ಒಂದಿಷ್ಟು ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಇಡಿಯಾಗಿ ಕತ್ತರಿಸಿ ತೆಗೆಯುವುದು. ತೊಡೆಯಲ್ಲಾದರೆ ಅದಕ್ಕೆ ಜಾಗವಿದೆ. ಬೆನ್ನಲ್ಲಿ ಗೆಡ್ಡೆಗೆ ತಾಗಿಕೊಂಡೇ ಬೆನ್ನುಹುರಿಯ ಪೊರೆ, ಅದರಾಚೆ ಬೆನ್ನುಹುರಿ. ಕತ್ತಿನಲ್ಲಾದರೆ ಮಿದುಳಿಗೆ ರಕ್ತ ಒಯ್ಯುವ ನಾಳ. ಕತ್ತಿನ ಬುಡದ ಬೇರುಗಳನ್ನು ಬಲಿಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚೀತು, ಆದರೆ ಆ ಕೈ ಮತ್ತೆ ಗುಂಡಿ ಹಾಕುವುದಿಲ್ಲ, ಪೆನ್ನು ಹಿಡಿಯುವುದಿಲ್ಲ. ವಿಕಿರಣ ಚಿಕಿತ್ಸೆ ನೆರವಾಗುತ್ತದೆ, ಆದರೆ ಇದೇ ಜೀನಿನ ದೋಷವಿರುವವರಲ್ಲಿ ವಿಕಿರಣವೇ ಮುಂದೆ ಇನ್ನೊಂದು ಕ್ಯಾನ್ಸರಿಗೆ ದಾರಿಯಾಗಬಹುದು. ಡಾಕ್ಸೊರೂಬಿಸಿನ್, ಐಫಾಸ್ಫಮೈಡ್‌ನಂಥ ಔಷಧಗಳ ಫಲ ಸೀಮಿತ. ಹೀಗೆ ಪ್ರತಿ ಆಯ್ಕೆಗೂ ಒಂದು ಬೆಲೆ ಕಟ್ಟಿರುವ ಸ್ಥಿತಿಯಲ್ಲಿ ‘ಏಕೆ ನನಗೆ’ ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ.

ವಂಶದ ಲೆಕ್ಕವನ್ನೂ ಹೇಳಬೇಕು. ತಾಯಿ ತಂದೆಯರಲ್ಲಿ ಒಬ್ಬರಿಗೆ ಎನ್‌ಎಫ್-1 ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50, ಗಂಡಾಗಲಿ ಹೆಣ್ಣಾಗಲಿ. ಆದರೆ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯ ಮನೆಯಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ನಕಲಿನಲ್ಲಿ ಹೊಸದಾಗಿ ಆದ ತಪ್ಪು ಅದು. ಪಿತೃಗಳ ಪಾಪ ಮಕ್ಕಳ ಮೈಯಲ್ಲಿ ಎಂಬ ಮಾತು ಈ ಅರ್ಧದ ಎದುರಿಗೆ ನಿಲ್ಲುವುದೇ ಇಲ್ಲ.

ಜನರ ಬಾಯಲ್ಲಿ ಇದಕ್ಕೆ ವಿವರಣೆಗಳು ಹಲವು. ಕರಾವಳಿ, ಮಲೆನಾಡುಗಳಲ್ಲಿ ಚರ್ಮದ ಮೇಲೆ ಎದ್ದ ಯಾವುದೇ ಗಂಟು, ಕಲೆ ನಾಗದೋಷದ ಲೆಕ್ಕಕ್ಕೆ ಜಮೆಯಾಗುವುದು ಹಳೆಯ ರೂಢಿ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸುವ ಕುಟುಂಬಗಳಲ್ಲಿ ಚರ್ಮರೋಗದ ಹರಕೆ ಹೊತ್ತವರೂ ಇರುತ್ತಾರೆ. ಬಸುರಿ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳು, ಚಾಕು ಹಿಡಿದಳು ಎಂದು ತಾಯಿಯ ತಲೆಗೆ ಕಟ್ಟುವುದು ಇನ್ನೊಂದು. ಇದು ನಮ್ಮ ನಾಡಿನ ಮೌಢ್ಯ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1862ರಲ್ಲಿ ಹುಟ್ಟಿದ, ‘ಆನೆ ಮನುಷ್ಯ’ ಎಂದು ಪ್ರದರ್ಶನಕ್ಕಿಟ್ಟಿದ್ದ ಜೋಸೆಫ್ ಮೆರಿಕ್‌ನ ಹೆಸರಿನಲ್ಲಿ ಅಚ್ಚಾದ ಕಿರುಹೊತ್ತಗೆಯಲ್ಲಿಯೇ, ಗರ್ಭಿಣಿಯಾಗಿದ್ದಾಗ ತಾಯಿ ಆನೆಗೆ ಹೆದರಿದ್ದು ತನ್ನ ರೂಪಕ್ಕೆ ಕಾರಣ ಎಂದಿದೆ. 20ನೇ ಶತಮಾನದ ವೈದ್ಯರು ಅವನದು ನ್ಯೂರೋಫೈಬ್ರೊಮಟೋಸಿಸ್ ಎಂದು ಬಹುಕಾಲ ನಂಬಿದ್ದರು. ಪ್ರೋಟಿಯಸ್ ಎಂಬ ಬೇರೆಯದೇ ಕಾಯಿಲೆ ಇದ್ದಿರಬೇಕೆಂದು 1986ರಲ್ಲಿ ವಾದ ಮಂಡನೆಯಾಯಿತು, ಈಗ ಅದೇ ಹೆಚ್ಚು ಮಾನ್ಯ. ಆದರೂ ಎನ್‌ಎಫ್-1 ಇರುವವರನ್ನು ಆ ಹೆಸರು ಬಿಟ್ಟಿಲ್ಲ. ತಪ್ಪು ಕಾರಣ, ತಪ್ಪು ಹೆಸರು ಎರಡೂ ರೋಗಕ್ಕಿಂತ ಹೆಚ್ಚು ಕಾಲ ಬಾಳುತ್ತವೆ.

ಈ ಬಾಯಿಮಾತಿನ ನಂಬಿಕೆಗಳ ಪಕ್ಕದಲ್ಲಿ ಶಾಸ್ತ್ರಗ್ರಂಥಗಳನ್ನಿಟ್ಟು ನೋಡಿದರೆ ಅಚ್ಚರಿಯಾಗುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನ ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ಆದಿಬಲಪ್ರವೃತ್ತ, ಅಂದರೆ ಶುಕ್ರಶೋಣಿತಗಳ ದೋಷದಿಂದ ಬಂದದ್ದು. ಅದರಲ್ಲಿ ಮತ್ತೆ ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು ಎಂಬ ಎರಡು ಭೇದ. ಗರ್ಭಿಣಿಯ ಆಹಾರವಿಹಾರಗಳಿಂದ ಆದದ್ದು ಬೇರೆ, ಅದು ಜನ್ಮಬಲಪ್ರವೃತ್ತ. ದೇವತೆಗಳ ಕೋಪ, ಶಾಪ ಮುಂತಾದವುಗಳಿಂದ ಆದದ್ದು ಇನ್ನೂ ಬೇರೆ, ಅದು ದೈವಬಲಪ್ರವೃತ್ತ. ವಂಶಪಾರಂಪರ್ಯವನ್ನು ಪ್ರಾಚೀನ ವೈದ್ಯ ದೈವದ ಖಾನೆಯಲ್ಲಿ ಇಡಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಚರಕ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತಾನೆ. ಕುರುಡರ ಮಕ್ಕಳೆಲ್ಲ ಕುರುಡರಾಗಿ ಏಕೆ ಹುಟ್ಟುವುದಿಲ್ಲ ಎಂದು ಶಾರೀರಸ್ಥಾನದಲ್ಲಿ ಪ್ರಶ್ನೆ ಎತ್ತಿಕೊಂಡು, ಬೀಜದಲ್ಲಿ ಯಾವ ಅಂಗದ ಭಾಗ ಕೆಟ್ಟಿರುತ್ತದೋ ಮಗುವಿನಲ್ಲಿ ಆ ಅಂಗ ಮಾತ್ರ ಕೆಡುತ್ತದೆ ಎಂಬ ಉತ್ತರ ಕೊಡುತ್ತಾನೆ. ಇದನ್ನು ಇಂದಿನ ಜೀನ್ ವಿಜ್ಞಾನ ಎಂದು ಕರೆದು ಬೀಗುವುದು ಅತಿಯಾದೀತು. ಆದರೆ ದೇಹದ ಕಾರಣವನ್ನು ದೇಹದಲ್ಲೇ ಹುಡುಕುವ ಶಿಸ್ತು ಅದರಲ್ಲಿದೆ.

ಚರಕ ಕರ್ಮವನ್ನು ಕೈಬಿಟ್ಟಿದ್ದಾನೆ ಎಂದರೆ ಅದೂ ಸುಳ್ಳು. ಹಿಂದಿನ ದೇಹದಲ್ಲಿ ಮಾಡಿದ ಕರ್ಮವೇ ದೈವ, ಕಾಲ ಬಂದಾಗ ಅದೂ ರೋಗಕ್ಕೆ ಹೇತು, ಅಂಥ ರೋಗ ಫಲ ಉಂಡ ಹೊರತು ಚಿಕಿತ್ಸೆಗೆ ಬಗ್ಗದು ಎಂದು ಅವನು ಹೇಳಿದ್ದಾನೆ. ಆದರೆ ವಿಮಾನಸ್ಥಾನದ ಮೂರನೇ ಅಧ್ಯಾಯದಲ್ಲಿ ಆಯುಸ್ಸು ಮೊದಲೇ ಗೊತ್ತಾಗಿದೆಯೇ ಎಂದು ಶಿಷ್ಯ ಅಗ್ನಿವೇಶ ಕೇಳಿದಾಗ ಗುರು ಆತ್ರೇಯ ಕೊಡುವ ಉತ್ತರ ಬೇರೆಯೇ ದಿಕ್ಕಿನದು. ದೈವ ಒಂದು ಕಡೆ, ಪುರುಷಕಾರ ಅಂದರೆ ಈ ಜನ್ಮದ ಪ್ರಯತ್ನ ಇನ್ನೊಂದು ಕಡೆ. ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಮೀರುತ್ತದೆ, ಬಲವಾದ ದೈವ ಪ್ರಯತ್ನವನ್ನು ಅಡಗಿಸುತ್ತದೆ. ಎಲ್ಲರ ಆಯುಸ್ಸೂ ನಿಶ್ಚಿತ ಎಂದಾದರೆ ಔಷಧವೇಕೆ, ಮೈಮೇಲೆ ಏರಿಬರುವ ಆನೆಯಿಂದ ಓಡುವುದೇಕೆ ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಬಂಡಿಯ ಅಚ್ಚು ಚೆನ್ನಾಗಿ ನೋಡಿಕೊಂಡರೆ ತನ್ನ ಕಾಲಕ್ಕೆ ಸವೆಯುತ್ತದೆ; ಹೇರು ಹೆಚ್ಚಾದರೆ, ದಾರಿ ಕೆಟ್ಟಿದ್ದರೆ ನಡುವೆಯೇ ಮುರಿಯುತ್ತದೆ, ಆಯುಸ್ಸೂ ಹಾಗೆ ಎಂಬುದು ಅಲ್ಲಿನ ದೃಷ್ಟಾಂತ. ಮೊದಲ ಪೆಟ್ಟು ಕೈಯಲ್ಲಿಲ್ಲ, ಎರಡನೆಯದರ ಮೇಲೆ ಕಣ್ಣಿಡುವುದು ಮಾತ್ರ ಸಾಧ್ಯ ಎಂದು ಇಂದಿನ ವೈದ್ಯರು ಎನ್‌ಎಫ್-1 ಬಗ್ಗೆ ಹೇಳುವ ಮಾತಿಗೆ ಈ ನಿಲುವು ಹತ್ತಿರದ್ದು.

ಇನ್ನೂ ನೇರವಾದ ಮಾತು ಪಾಲಿ ಗ್ರಂಥಗಳಲ್ಲಿದೆ. ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಬುದ್ಧನ ಉತ್ತರದಲ್ಲಿ ಎಂಟು ಕಾರಣಗಳು ಬರುತ್ತವೆ: ಪಿತ್ತ, ಕಫ, ವಾತ, ಮೂರೂ ಸೇರಿದ್ದು, ಋತು ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕಡೆಗೆ ಕರ್ಮವಿಪಾಕ. ಎಂಟರಲ್ಲಿ ಒಂದು! ಉಳಿದ ಏಳನ್ನು ಮನುಷ್ಯ ತಾನೇ ಕಂಡುಕೊಳ್ಳಬಹುದು, ಲೋಕವೂ ಒಪ್ಪಿದೆ; ಎಲ್ಲವೂ ಕರ್ಮವೇ ಎನ್ನುವವರು ಕಣ್ಣೆದುರಿನದನ್ನು ದಾಟಿ ಹೋಗುತ್ತಾರೆ, ಅದು ಅವರ ತಪ್ಪು ಎಂದು ಅವನು ಮುಗಿಸುತ್ತಾನೆ. ಅಂಗುತ್ತರ ನಿಕಾಯದಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ವಿವೇಚನೆ ಬರುತ್ತದೆ. ಎಲ್ಲಕ್ಕೂ ಹಿಂದಿನ ಕರ್ಮವೇ ಕಾರಣ, ಎಲ್ಲಕ್ಕೂ ಈಶ್ವರನ ಸೃಷ್ಟಿಯೇ ಕಾರಣ, ಯಾವುದಕ್ಕೂ ಕಾರಣವೇ ಇಲ್ಲ ಎಂಬ ಮೂರು ಮತಗಳನ್ನು ಒಟ್ಟಿಗಿಟ್ಟು, ಮೂರೂ ಕೊನೆಗೆ ‘ಏನೂ ಮಾಡಬೇಕಾಗಿಲ್ಲ’ ಎಂಬಲ್ಲಿಗೇ ಬಂದು ನಿಲ್ಲುತ್ತವೆ ಎಂದು ಬುದ್ಧ ಅವನ್ನು ತಳ್ಳಿಹಾಕುತ್ತಾನೆ. ಮೂರನೆಯದನ್ನು ತಳ್ಳಿದ್ದು ಮುಖ್ಯ. ಕರ್ಮವಲ್ಲದಿದ್ದರೆ ಬರೀ ಆಕಸ್ಮಿಕ ಎಂದು ಕೈಚೆಲ್ಲುವುದಕ್ಕೂ ಅಲ್ಲಿ ಅನುಮತಿಯಿಲ್ಲ.

ಕರ್ಮಸಿದ್ಧಾಂತವನ್ನು ಅತ್ಯಂತ ವಿಸ್ತಾರವಾಗಿ, ಬಹುತೇಕ ಲೆಕ್ಕಪತ್ರದಂತೆ ಬರೆದಿಟ್ಟವರು ಜೈನರು. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ 10ನೇ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದ ಒಂದು ಭಾಗಕ್ಕೆ ಕರ್ಮಕಾಂಡ ಎಂದೇ ಹೆಸರು. ಮೂಲದಲ್ಲಿ ಎಂಟು ಕರ್ಮಗಳು, ಒಳಭೇದಗಳು 148. ಅವುಗಳಲ್ಲಿ 93 ಭೇದಗಳಿರುವ ನಾಮಕರ್ಮ ದೇಹದ ರೂಪ, ಅಂಗಾಂಗ, ಮೂಳೆಯ ಕಟ್ಟು ಇತ್ಯಾದಿಗಳನ್ನು ನಿರ್ಧರಿಸುತ್ತದೆ. ನೋವನ್ನು ಉಣ್ಣಿಸುವುದು ಅಸಾತಾ ವೇದನೀಯ. ಬದುಕಿನ ಅವಧಿ ಆಯುಕರ್ಮದ ಪಾಲು. ಎನ್‌ಎಫ್-1 ಇರುವ ರೋಗಿಯನ್ನು ಈ ಚೌಕಟ್ಟಿನಲ್ಲಿ ಕೂರಿಸುವುದು ಸುಲಭ. ಆದರೆ ಎರಡು ಸಂಗತಿಗಳನ್ನು ಬಿಡಬಾರದು. ಜೈನರಿಗೆ ಕರ್ಮವೆಂದರೆ ಶಿಕ್ಷೆ ವಿಧಿಸುವ ನ್ಯಾಯಾಧೀಶನಲ್ಲ, ಆತ್ಮಕ್ಕೆ ಅಂಟಿಕೊಳ್ಳುವ ಪುದ್ಗಲ, ಜಡವಾದ ದ್ರವ್ಯ; ಅದು ಯಾರ ಮೇಲೂ ಕೋಪಗೊಂಡಿಲ್ಲ. ಕಟ್ಟಿದ ಕರ್ಮದ ಅವಧಿಯೂ ತೀವ್ರತೆಯೂ ಪ್ರಯತ್ನದಿಂದ ಹೆಚ್ಚುಕಡಿಮೆಯಾಗಬಲ್ಲವು ಎಂಬುದು ಎರಡನೆಯದು. ಇವೆರಡರ ಜೊತೆಗೆ ವೈಯಾವೃತ್ತ್ಯ, ಅಂದರೆ ರೋಗಿಗಳಾದ ಸಾಧುಗಳ ಸೇವೆ, ಆರು ಅಂತರಂಗ ತಪಸ್ಸುಗಳಲ್ಲಿ ಒಂದು ಎಂದು ಅದೇ ಶಾಸ್ತ್ರ ಎಣಿಸುತ್ತದೆ. ಅವನ ಕರ್ಮ ಅವನು ಉಣ್ಣಲಿ ಎಂದು ದೂರ ನಿಲ್ಲುವುದಕ್ಕೆ ಅಲ್ಲಿ ಆಧಾರ ಸಿಕ್ಕುವುದಿಲ್ಲ.

ಈಶ್ವರನನ್ನು ಒಪ್ಪುವ ವೇದಾಂತಕ್ಕೆ ಸಮಸ್ಯೆ ಇನ್ನೊಂದು ಬಗೆಯದು. ಒಬ್ಬನನ್ನು ಸುಖಿಯಾಗಿ, ಇನ್ನೊಬ್ಬನನ್ನು ನರಳುವವನಾಗಿ ಸೃಷ್ಟಿಸಿದ ದೇವರಿಗೆ ಪಕ್ಷಪಾತ, ನಿರ್ದಯತೆ ಎಂಬ ಎರಡು ದೋಷ ತಗಲುವುದಿಲ್ಲವೇ? ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದ ಈ ಆಕ್ಷೇಪವನ್ನೇ ಎತ್ತಿಕೊಳ್ಳುತ್ತದೆ. ಶಂಕರರ ಭಾಷ್ಯದ ಪ್ರಕಾರ ದೇವರು ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿಸುತ್ತಾನೆ, ಆದ್ದರಿಂದ ದೋಷ ಅವನಿಗಿಲ್ಲ. ಮೊಟ್ಟಮೊದಲ ಸೃಷ್ಟಿಗೆ ಮುನ್ನ ಕರ್ಮವೆಲ್ಲಿತ್ತು ಎಂದು ಕೇಳಿದರೆ ಸಂಸಾರಕ್ಕೆ ಮೊದಲೆಂಬುದೇ ಇಲ್ಲ, ಅದು ಅನಾದಿ ಎಂಬುದು ಉತ್ತರ. ಉಡುಪಿಯ ಪರಂಪರೆಗೆ ಮೂಲರಾದ ಮಧ್ವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಜೀವರ ಸ್ವರೂಪದಲ್ಲೇ ತಾರತಮ್ಯ ಅನಾದಿಯಾಗಿದೆ ಎಂದರು. ಇಲ್ಲಿ ಒಂದು ವಿಷಯ ತಿಳಿಯಾಗಿರಬೇಕು. ಈ ಇಡೀ ವಾದದ ಗುರಿ ದೇವರನ್ನು ಆರೋಪದಿಂದ ಬಿಡಿಸುವುದು. ರೋಗಿಯನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುವುದು ಅದರ ಉದ್ದೇಶವಾಗಿರಲಿಲ್ಲ. ವಾದದ ಒಂದು ಕೊನೆಯಲ್ಲಿ ಬಿಡುಗಡೆ ಪಡೆದವನ ಭಾರವನ್ನು ಇನ್ನೊಂದು ಕೊನೆಯಲ್ಲಿ ಹಾಸಿಗೆಯ ಮೇಲಿರುವವನು ಹೊರಬೇಕಾಗಿ ಬಂದದ್ದು ಮುಂದಿನವರ ಬಳಕೆಯಿಂದ.

ಕರ್ಮಪಕ್ಷದ ಬಲವಾದ ತರ್ಕ ಸಿಕ್ಕುವುದು ನ್ಯಾಯದರ್ಶನದಲ್ಲಿ. ಉದಯನಾಚಾರ್ಯನ ನ್ಯಾಯಕುಸುಮಾಂಜಲಿಯಲ್ಲಿ ಅದೃಷ್ಟ ಎಂಬ ಕಾಣದ ಕಾರಣವನ್ನು ಒಪ್ಪಲೇಬೇಕೆಂಬುದಕ್ಕೆ ಕೊಟ್ಟ ಹೇತುಗಳಲ್ಲಿ ಎರಡು ಇಲ್ಲಿಗೆ ಸಲ್ಲುತ್ತವೆ: ಲೋಕದಲ್ಲಿ ಕಾಣುವ ವೈಚಿತ್ರ್ಯ, ಮತ್ತು ಭೋಗ ಒಬ್ಬೊಬ್ಬರಿಗೆ ಒಂದೊಂದು ರೀತಿಯಲ್ಲಿ ಹಂಚಿಕೆಯಾಗಿರುವುದು. ಎನ್‌ಎಫ್-1 ಇರುವ ತದ್ರೂಪಿ ಅವಳಿಗಳನ್ನು ನೋಡಿದರೆ ಉದಯನ ಇನ್ನಷ್ಟು ಉತ್ಸಾಹದಿಂದ ವಾದಿಸುತ್ತಿದ್ದನೇನೋ. ಇಬ್ಬರಲ್ಲೂ ಒಂದೇ ಜೀನ್ ದೋಷ, ಒಂದೇ ಗರ್ಭ, ಒಂದೇ ಮನೆ. ಆದರೂ ಒಬ್ಬರಿಗೆ ದೊಡ್ಡ ಗೆಡ್ಡೆ, ಇನ್ನೊಬ್ಬರಿಗೆ ಅದು ಇಲ್ಲದಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಕಾಣುವ ಕಾರಣಗಳೆಲ್ಲ ಸಮಾನವಾಗಿದ್ದೂ ಫಲ ಬೇರೆಯಾದರೆ ಕಾಣದ ಕಾರಣ ಇರಲೇಬೇಕಲ್ಲವೇ?

ಇದಕ್ಕೆ ಜೀವವಿಜ್ಞಾನದ ಮಾರುತ್ತರ ‘ಕಾರಣವೇ ಇಲ್ಲ’ ಎಂಬುದಲ್ಲ. ಕೋಶ ಎರಡಾಗುವಾಗ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಒಂದು ಸಂಪುಟವನ್ನು, ಅದೂ ಎರಡು ಪ್ರತಿಯಲ್ಲಿ, ನಕಲು ಮಾಡಬೇಕು. ತಿದ್ದುವ ವ್ಯವಸ್ಥೆ ಎಷ್ಟೇ ಚುರುಕಾಗಿದ್ದರೂ ಕೆಲವು ತಪ್ಪುಗಳು ಉಳಿಯುತ್ತವೆ. ಒಂದೊಂದು ತಪ್ಪಿಗೂ ರಾಸಾಯನಿಕ ಕಾರಣವಿದೆ. ಆದರೆ ಆ ತಪ್ಪು ಯಾವ ಅಕ್ಷರದಲ್ಲಿ ಬೀಳಬೇಕು ಎಂಬುದಕ್ಕೂ ಆ ಮನುಷ್ಯ ಯಾರು, ಏನು ಮಾಡಿದ ಎಂಬುದಕ್ಕೂ ನಂಟು ಕಾಣುವುದಿಲ್ಲ. ಒಬ್ಬ ಅವಳಿಯ ಸೊಂಟದ ನರದಲ್ಲಿನ ಒಂದು ಕೋಶದಲ್ಲಿ ಅದು ಬಿತ್ತು, ಇನ್ನೊಬ್ಬನಲ್ಲಿ ಬೀಳಲಿಲ್ಲ. ಆಕಸ್ಮಿಕ ಎಂದರೆ ಇಷ್ಟೇ ಅರ್ಥ: ಹೇತುವಿದೆ, ಉದ್ದೇಶವಿಲ್ಲ. ಅದೃಷ್ಟವನ್ನು ನಂಬುವವನು ಇಲ್ಲಿಯೂ ಹಿಂದೆ ಸರಿಯಬೇಕಾಗಿಲ್ಲ, ಆ ಅಕ್ಷರವನ್ನು ಆರಿಸಿದ್ದೇ ಕರ್ಮ ಎಂದಾನು. ಆ ಮಾತನ್ನು ಯಾವ ಪ್ರಯೋಗವೂ ಸುಳ್ಳು ಮಾಡಲಾರದು. ಹಾಗೆಯೇ ಅದರಿಂದ ಯಾವ ರೋಗಿಯ ಬಗ್ಗೆಯೂ ಹೊಸದೇನೂ ತಿಳಿಯುವುದೂ ಇಲ್ಲ. ಚರಕನಲ್ಲೂ ಕರ್ಮಜ ರೋಗ ಗುರುತಾಗುವುದು ಚಿಕಿತ್ಸೆಗೆ ಬಗ್ಗದೆ ಉಳಿದಾಗ. ತಿಳಿದ ಕಾರಣಗಳ ಪಟ್ಟಿ ಉದ್ದವಾದಂತೆ ಆ ಖಾನೆ ಚಿಕ್ಕದಾಗುತ್ತ ಬಂದಿದೆ.

ತರ್ಕದ ದೃಷ್ಟಿಯಿಂದ ನಿಜವಾದ ದೋಷವಿರುವುದು ಕರ್ಮಸಿದ್ಧಾಂತದಲ್ಲಲ್ಲ, ಅದನ್ನು ತಿರುವುಮುರುವಾಗಿ ಓಡಿಸುವುದರಲ್ಲಿ. ಪಾಪದಿಂದ ದುಃಖ ಎಂದು ಒಪ್ಪಿಕೊಂಡರೂ, ದುಃಖವಿದೆ ಆದ್ದರಿಂದ ಪಾಪವಿದೆ ಎಂಬುದು ಅದರಿಂದ ಸಿದ್ಧಿಸುವುದಿಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ, ಕಾದ ಕಬ್ಬಿಣದಲ್ಲಿ ಬೆಂಕಿಯಿದೆ ಹೊಗೆಯಿಲ್ಲ ಎಂಬುದನ್ನು ನ್ಯಾಯಶಾಸ್ತ್ರದ ಎಳೆಯ ವಿದ್ಯಾರ್ಥಿಯೂ ಕಲಿಯುತ್ತಾನೆ. ಸೀವಕನಿಗೆ ಹೇಳಿದ ಎಂಟು ಕಾರಣಗಳು ಇದನ್ನೇ ಬೇರೆ ಮಾತಿನಲ್ಲಿ ಹೇಳಿದವು. ಇತರ ಧರ್ಮಗಳೂ ಇಲ್ಲಿ ಎಡವಿ ಎಚ್ಚತ್ತಿವೆ. ಹೀಬ್ರೂ ಬೈಬಲಿನ ಯೋಬನ ಗೆಳೆಯರು ಅವನ ಹುಣ್ಣುಗಳನ್ನು ನೋಡಿ, ನೀನು ಏನೋ ಮಾಡಿರಲೇಬೇಕು ಎಂದು ವಾದಿಸುತ್ತಾರೆ, ಕಡೆಗೆ ದೇವರ ಕೋಪಕ್ಕೆ ಗುರಿಯಾಗುವವರು ಆ ಗೆಳೆಯರೇ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಗುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ.

ಹೊಸಗಾಲದ ಪಾಶ್ಚಾತ್ಯ ಚಿಂತಕರು ಇದೇ ಪ್ರಶ್ನೆಯನ್ನು ದೇವರ ಹೆಸರೆತ್ತದೆ ಚರ್ಚಿಸಿದ್ದಾರೆ. ಒಬ್ಬ ಮನುಷ್ಯ ಎಂಥ ಮೈಮನಸ್ಸಿನೊಡನೆ ಹುಟ್ಟುತ್ತಾನೆ ಎಂಬುದರಲ್ಲಿ ಅವನ ಪಾತ್ರವಿಲ್ಲ, ಆದರೂ ಅದರ ಲೆಕ್ಕ ಅವನ ಮೇಲೆ ಬೀಳುತ್ತದೆ ಎಂಬ ವಿರೋಧಾಭಾಸವನ್ನು ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ 1976ರಲ್ಲಿ ಎತ್ತಿ ತೋರಿಸಿದರು. ಡೆರೆಕ್ ಪಾರ್ಫಿಟ್ 1984ರಲ್ಲಿ ಮಂಡಿಸಿದ ಇನ್ನೊಂದು ಒಗಟು ಎನ್‌ಎಫ್-1 ಇರುವ ಮನೆಗಳಿಗೆ ಹೆಚ್ಚು ಹತ್ತಿರದ್ದು. ತಿಳಿದೂ ನನ್ನನ್ನು ಏಕೆ ಹೆತ್ತೆ ಎಂದು ಮಗ ತಾಯಿಯನ್ನು ಕೇಳಿದರೆ, ಬೇರೆ ತಿಂಗಳು, ಬೇರೆ ಅಂಡಾಣು ಆಗಿದ್ದರೆ ಹುಟ್ಟುತ್ತಿದ್ದವನು ರೋಗವಿಲ್ಲದ ಇವನಲ್ಲ, ಬೇರೊಬ್ಬ. ಹಾಗಾದರೆ ಅನ್ಯಾಯವಾದದ್ದು ಯಾರಿಗೆ? ತರ್ಕವಾಗಿ ಇದು ಗಟ್ಟಿ, ಸಮಾಧಾನವಾಗಿ ಬಹಳ ತೆಳು. ತಾಯಿಗೆ ಅದರಿಂದ ನಿದ್ದೆ ಬರುವುದಿಲ್ಲ. ಆದರೆ ತನ್ನ ರಕ್ತದಿಂದ ಮಗುವಿಗೆ ಕೇಡಾಯಿತು ಎಂಬ ಅವಳ ಅಪರಾಧಿಭಾವ ತರ್ಕಕ್ಕೆ ನಿಲ್ಲದು ಎಂಬುದನ್ನಾದರೂ ಅದು ತೋರಿಸುತ್ತದೆ.

ಮುಂದಿನ ಮಗುವಿನ ವಿಷಯದಲ್ಲಿ ಪ್ರಶ್ನೆ ಕಾಲ್ಪನಿಕವಲ್ಲ. ಮನೆಯ ರೋಗಿಯಲ್ಲಿ ಜೀನಿನ ಯಾವ ದೋಷವಿದೆ ಎಂದು ಗೊತ್ತಾಗಿದ್ದರೆ ಗರ್ಭದಲ್ಲೇ ಪರೀಕ್ಷಿಸಬಹುದು. ಭಾರತದ 1994ರ ಪ್ರಸವಪೂರ್ವ ಪತ್ತೆ ಕಾಯಿದೆ ಲಿಂಗಪತ್ತೆಯನ್ನು ನಿಷೇಧಿಸಿ ಆನುವಂಶಿಕ ಕಾಯಿಲೆಗಳ ಪತ್ತೆಗೆ ಅವಕಾಶ ಉಳಿಸಿದೆ. ತೊಡಕು ಇರುವುದು ಪರೀಕ್ಷೆ ಹೇಳದೆ ಬಿಡುವುದರಲ್ಲಿ. ದೋಷವಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆ, ಮಗುವಿಗೆ ಬರೀ ಮಚ್ಚೆಗಳಿರುತ್ತವೋ ಬೆನ್ನಿನಲ್ಲಿ ಗೆಡ್ಡೆ ಏಳುತ್ತದೋ ಎಂಬುದನ್ನು ಹೇಳುವುದಿಲ್ಲ. ಇಡೀ ಜೀನೇ ಕಳೆದುಹೋದ ಕೆಲವರಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬಂಥ ಒಂದೆರಡು ಸುಳಿವುಗಳನ್ನು ಬಿಟ್ಟರೆ ಮುಂದಿನದು ಕತ್ತಲೆ. ಇಷ್ಟು ಅರ್ಧಂಬರ್ಧ ತಿಳಿವಿನ ಮೇಲೆ ಗರ್ಭವನ್ನು ಉಳಿಸಿಕೊಳ್ಳುವ, ತೆಗೆಸುವ ನಿರ್ಧಾರ ಮಾಡಿದ ದಂಪತಿಗಳಲ್ಲಿ ಯಾರನ್ನೂ ಹೊರಗಿನವರು ಧರ್ಮದ ತಕ್ಕಡಿಯಲ್ಲಿ ತೂಗಲು ಹೋಗಬಾರದು.

ಮಾಡಬಹುದಾದ ಕೆಲಸ ಈಗ ಮೊದಲಿಗಿಂತ ಹೆಚ್ಚಿದೆ. ಶಸ್ತ್ರಚಿಕಿತ್ಸೆಗೆ ಸಿಗದ ಪ್ಲೆಕ್ಸಿಫಾರ್ಮ್ ಗೆಡ್ಡೆಗಳನ್ನು ಕುಗ್ಗಿಸುವ ಸೆಲ್ಯುಮೆಟಿನಿಬ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಅನುಮತಿ ದೊರೆಯಿತು. ಕ್ಯಾನ್ಸರ್ ಆಗಿಬಿಟ್ಟ ಗೆಡ್ಡೆಗೆ ಅದು ಮದ್ದಲ್ಲ. ಅಲ್ಲಿ ಗೆಲುವು ಇಂದಿಗೂ ನಿಂತಿರುವುದು ಬೇಗ ಪತ್ತೆಯಾಗಿ, ಹರಡುವ ಮುನ್ನ, ಪೂರ್ತಿಯಾಗಿ ತೆಗೆಯುವುದರ ಮೇಲೆ. ಅದಕ್ಕೆ ರೋಗಿಯ ಪಕ್ಕದಲ್ಲಿ ನೋಡಿಕೊಳ್ಳುವವರು ಇರಬೇಕು. ಬೌದ್ಧರ ವಿನಯಪಿಟಕದಲ್ಲಿ ಅತಿಸಾರದಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ಕಂಡ ಪ್ರಸಂಗವಿದೆ. ಅವನಿಂದ ಉಳಿದ ಭಿಕ್ಷುಗಳಿಗೆ ಯಾವ ಕೆಲಸವೂ ಆಗುತ್ತಿರಲಿಲ್ಲ, ಹಾಗಾಗಿ ಅವನನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಬುದ್ಧ ಅವನ ಕರ್ಮ ಯಾವುದೆಂದು ವಿಚಾರಿಸುವುದಿಲ್ಲ. ಆನಂದನಿಂದ ನೀರು ತರಿಸಿ, ತಾನು ನೀರೆರೆದು, ಆನಂದ ತೊಳೆದು, ಇಬ್ಬರೂ ತಲೆ ಕಾಲು ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಅದಾದ ಮೇಲೆ ರೋಗಿಯ ಆರೈಕೆ ಸಂಘದ ಹೊಣೆ ಎಂಬ ನಿಯಮ ಬರುತ್ತದೆ.

ಎನ್‌ಎಫ್-1 ಇರುವವರ ಮನೆಯವರಿಗೆ ಈ ಹೊಣೆ ನಾಲ್ಕು ಗುರುತುಗಳನ್ನು ನೆನಪಿಡುವುದರಿಂದ ಶುರುವಾಗುತ್ತದೆ. ವರ್ಷಗಳಿಂದ ಸುಮ್ಮನಿದ್ದ ಗಂಟು ಬೇಗ ಬೇಗ ಬೆಳೆಯುವುದು, ಮೆತ್ತಗಿದ್ದದ್ದು ಗಟ್ಟಿಯಾಗುವುದು, ರಾತ್ರಿ ಎಬ್ಬಿಸುವಂಥ ಬಿಡದ ನೋವು, ಕೈಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದುವುದು ಅಥವಾ ಜೋಮು ಹಿಡಿಯುವುದು. ಮೂತ್ರದ ಹತೋಟಿ ತಪ್ಪಿದರೆ ಅದು ಬೆನ್ನುಹುರಿ ಒತ್ತಿಗೊಳಗಾದ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದವುಗಳಲ್ಲಿ ಯಾವುದೊಂದು ಕಂಡರೂ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿ ಎಂಆರ್‌ಐ, ಬೇಕಾದರೆ ಪೆಟ್ ಸ್ಕ್ಯಾನ್ ಮಾಡಿಸುವಂತೆ ವೈದ್ಯರನ್ನು ಕೇಳಬೇಕು. ಹರಕೆ ಇದ್ದರೆ ಸಲ್ಲಿಸಬಹುದು, ಸ್ಕ್ಯಾನ್ ಆದ ಮೇಲೆ.